ಮೊದಲು ರಂಧ್ರದ ಅಳತೆ ಕೊಡಿ

ನಮ್ಮ ಪ್ರಯೋಗಾಲಯಕ್ಕೆ ಬರುವ ಕಡತಗಳಲ್ಲಿ ಒಂದು ಸಂಖ್ಯೆ ತಪ್ಪದೆ ಇರುತ್ತದೆ: ಮಣ್ಣಿನ ಮಾದರಿಯ ರಂಧ್ರತೆ, ಅಂದರೆ ಅದರ ಒಟ್ಟು ಗಾತ್ರದಲ್ಲಿ ಸಂದುಗಳ ಪಾಲು, ಶೇಕಡಾ ಇಷ್ಟು. ಅದರ ಕೆಳಗೆ ಒಂದು ಪ್ರಶ್ನೆಯೂ ಅಷ್ಟೇ ತಪ್ಪದೆ ಇರುತ್ತದೆ: ಇಷ್ಟೊಂದು ರಂಧ್ರವಿರುವಾಗ ಮೀಥೇನ್ ಹೈಡ್ರೇಟ್ (ಮೀಥೇನ್ ಅನಿಲವನ್ನು ಒಳಗೆ ಹಿಡಿದಿಟ್ಟ, ಮಂಜುಗಡ್ಡೆಯಂಥ ಹರಳು) ಎಷ್ಟು ತುಂಬಿಕೊಳ್ಳಬಹುದು? ಆ ಸಂಖ್ಯೆಯನ್ನು ಹಿಡಿದು ಈ ಪ್ರಶ್ನೆಗೆ ಉತ್ತರಿಸಲು ಬರುವುದಿಲ್ಲ. ತರಗತಿಯಲ್ಲಿ ಹೇಳಿದ್ದೇನೆ, ಸಭೆಗಳಲ್ಲಿ ಹೇಳಿದ್ದೇನೆ, ದೂರವಾಣಿಯಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಮುಂದಿನ ಕಡತದಲ್ಲಿ ಮತ್ತೆ ಅದೇ ಪ್ರಶ್ನೆ.

ಸಮುದ್ರತಳದ ಜೇಡಿಯನ್ನೇ ತೆಗೆದುಕೊಳ್ಳಿ. ಅದರ ಮೇಲಿನ ಪದರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ನೀರಿನದೇ. ರಂಧ್ರತೆ ಶೇಕಡಾ 60 ದಾಟುವುದೂ ಉಂಟು. ಮರಳಿನಲ್ಲಿ ಅದು 35ರಿಂದ 40. ಈ ಎರಡು ಅಂಕಿಗಳನ್ನಷ್ಟೇ ನೋಡಿದವರು ಜೇಡಿಯೇ ಮೇಲು ಎನ್ನುತ್ತಾರೆ. ಜಪಾನಿನ ನಂಕಾಯ್ ಕಂದಕದಲ್ಲಿ, ಕೆನಡಾದ ಮಾಲಿಕ್‌ನಲ್ಲಿ ಕೊರೆದು ನೋಡಿದಾಗ ಕಂಡದ್ದು ಬೇರೆ. ಅಲ್ಲಿನ ಒಳ್ಳೆಯ ಮರಳು ಪದರಗಳಲ್ಲಿ ರಂಧ್ರಗಳ ಶೇಕಡಾ 60ರಿಂದ 80ರಷ್ಟು ಜಾಗವನ್ನು ಹೈಡ್ರೇಟ್ ಹಿಡಿದಿತ್ತು. ಬಿರುಕಿಲ್ಲದ ಜೇಡಿಯಲ್ಲಾದರೆ ಸಾಮಾನ್ಯವಾಗಿ ಕೆಲವೇ ಶೇಕಡಾ.

ವ್ಯತ್ಯಾಸ ಇರುವುದು ರಂಧ್ರದ ಗಾತ್ರದಲ್ಲಿ. ಹೈಡ್ರೇಟ್ ಎಂದರೆ ನೀರಿನ ಅಣುಗಳು ಪಂಜರ ಕಟ್ಟಿ, ಒಳಗೆ ಅನಿಲವನ್ನು ಹಿಡಿದಿಟ್ಟ ಹರಳು. ಹರಳಿಗೂ ಅದರ ಸುತ್ತಲಿನ ನೀರಿಗೂ ನಡುವೆ ಒಂದು ಮೇಲ್ಮೈ ಇದ್ದೇ ಇರುತ್ತದೆ, ಮತ್ತು ಪ್ರತಿಯೊಂದು ಮೇಲ್ಮೈಗೂ ಶಕ್ತಿಯ ಖರ್ಚಿದೆ. ರಂಧ್ರ ಕಿರಿದಾದಷ್ಟೂ ಹರಳು ಚಿಕ್ಕದಾಗುತ್ತದೆ, ಅದರ ಮೈ ಹೆಚ್ಚು ಬಾಗುತ್ತದೆ, ಗಾತ್ರದ ಲೆಕ್ಕದಲ್ಲಿ ಮೇಲ್ಮೈ ಹೆಚ್ಚುತ್ತದೆ. ಆ ಖರ್ಚನ್ನು ತೂಗಿಸಲು ಇನ್ನಷ್ಟು ತಂಪು ಬೇಕು, ಇಲ್ಲವೇ ಇನ್ನಷ್ಟು ಒತ್ತಡ ಬೇಕು. ಇದು ಗಿಬ್ಸ್–ಥಾಮ್ಸನ್ ಪರಿಣಾಮ. ತ್ರಿಜ್ಯ ಅರ್ಧಕ್ಕೆ ಇಳಿದರೆ ತೊಡಕು ಇಮ್ಮಡಿಯಾಗುತ್ತದೆ.

ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಪಾತ್ರೆಯಲ್ಲಿರುವ ಬರಿಯ ನೀರಿನೊಡನೆ ಮೀಥೇನ್ ಹೈಡ್ರೇಟ್ ನಿಲ್ಲಲು ಸುಮಾರು 26 ಬಾರ್ ಒತ್ತಡ ಸಾಕು. 1992ರಲ್ಲಿ ಹಂಡಾ ಮತ್ತು ಸ್ಟುಪಿನ್ ಎಂಬ ಸಂಶೋಧಕರು ಸುಮಾರು 7 ನ್ಯಾನೋಮೀಟರ್ ತ್ರಿಜ್ಯದ ರಂಧ್ರಗಳುಳ್ಳ ಸಿಲಿಕಾ ಜೆಲ್‌ನಲ್ಲಿ ಅಳೆದಾಗ, ಬೇಕಾದ ಒತ್ತಡ ಶೇಕಡಾ 20ರಿಂದ 100ರಷ್ಟು ಹೆಚ್ಚಾಗಿತ್ತು. ಮರಳಿನ ರಂಧ್ರಗಳು ಇದಕ್ಕಿಂತ ಸಾವಿರಾರು ಪಟ್ಟು ಅಗಲ. ಅಲ್ಲಿ ಈ ಪರಿಣಾಮ ಲೆಕ್ಕಕ್ಕೇ ಬಾರದು. ನಮ್ಮ ಥರ್ಮಾಮೀಟರಿಗೆ ಸಿಗುವಷ್ಟೂ ಇರುವುದಿಲ್ಲ. ಸಿಲಿಕಾ ಜೆಲ್ ಕೂಡ ರಂಧ್ರಮಯ, ಮರಳೂ ರಂಧ್ರಮಯ. ಒಂದರಲ್ಲಿ ಸಿಕ್ಕ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಿದ ವರದಿಗಳು ಇಂದಿಗೂ ನನ್ನ ಮೇಜಿಗೆ ಬರುತ್ತವೆ.

ಜೇಡಿಯಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿರುವ ನೀರೆಲ್ಲ ಬಿಡುವಾಗಿರುವುದಿಲ್ಲ. ವಿಜಯಪುರ, ರಾಯಚೂರಿನ ಎರೆಹೊಲದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೆಂಟೆ ಒಡೆದರೆ ಒಳಗೆ ಪಸೆ ಇರುತ್ತದೆ, ಪೈರು ಮಾತ್ರ ಬಾಡಿರುತ್ತದೆ. ಜೇಡಿಯ ಪದರಗಳು ಹಿಡಿದುಕೊಂಡ ನೀರು ಬೇರಿಗೆ ಸಿಗದ ಹಾಗೆಯೇ ಹೈಡ್ರೇಟಿಗೂ ಸುಲಭವಾಗಿ ಸಿಗುವುದಿಲ್ಲ. ಕೃಷ್ಣಾ–ಗೋದಾವರಿ ಜಲಾನಯನದ ಸಮುದ್ರತಳದಲ್ಲಿರುವ ಜೇಡಿಗೂ ಈ ಮಣ್ಣಿಗೂ ನಂಟಿದೆ. ದಖ್ಖನ್ನಿನ ಕಪ್ಪುಮಣ್ಣನ್ನು ಆ ನದಿಗಳೇ ಅಲ್ಲಿಯವರೆಗೆ ಹೊತ್ತು ತಂದಿವೆ.

ಅದೇ ಜಲಾನಯನದಲ್ಲಿ 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಕೊರೆದಾಗ, ಹತ್ತನೆಯ ತಾಣದಲ್ಲಿ ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ವಲಯ ಸಿಕ್ಕಿತು, ಅದೂ ಜೇಡಿಯಲ್ಲಿ. ಇದನ್ನು ಮುಂದಿಟ್ಟು ನನ್ನ ಮಾತನ್ನು ಅಲ್ಲಗಳೆಯುವವರಿದ್ದಾರೆ. ಎಕ್ಸ್‌ರೇ ಚಿತ್ರಗಳನ್ನು ನೋಡಿ ಎನ್ನುತ್ತೇನೆ. ಹೈಡ್ರೇಟ್ ಅಲ್ಲಿ ಹೆಚ್ಚಾಗಿ ಕೂತಿರುವುದು ಜೇಡಿಯ ಸಹಜ ರಂಧ್ರಗಳೊಳಗೆ ಅಲ್ಲ, ಬಹುಪಾಲು ನೆಟ್ಟಗೆ ನಿಂತ ಬಿರುಕುಗಳಲ್ಲಿ, ನರಗಳಾಗಿ, ಗಂಟುಗಳಾಗಿ. ಕಿರಿದಾದ ರಂಧ್ರದೊಳಗೆ ನುಗ್ಗುವುದಕ್ಕಿಂತ ಮೆತ್ತನೆಯ ಕಣಗಳನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಳ್ಳುವುದು ಹರಳಿಗೆ ಸುಲಭ.

ಬಿರುಕುಗಳು ಲೆಕ್ಕವನ್ನೂ ದಾರಿ ತಪ್ಪಿಸಿದವು. ಹೈಡ್ರೇಟ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅಡ್ಡಲಾಗಿ ಹೊರಟ ಪ್ರವಾಹಕ್ಕೆ ನೆಟ್ಟಗಿನ ನರಗಳು ಗೋಡೆಯಾಗಿ ನಿಲ್ಲುವುದರಿಂದ ವಿದ್ಯುತ್ ರೋಧದ ಅಳತೆ ವಿಪರೀತ ಏರಿತು. ಹೈಡ್ರೇಟ್ ಎಲ್ಲೆಡೆ ಸಮನಾಗಿ ಹರಡಿದೆ ಎಂದುಕೊಂಡು ಲೆಕ್ಕ ಹಾಕಿದಾಗ, ಒತ್ತಡ ಕಳೆಯದಂತೆ ಮುಚ್ಚಿ ತಂದ ಕೋರ್‌ಗಳಿಂದ (ಕೊರೆದು ತೆಗೆದ ಮಣ್ಣಿನ ಕಂಬಗಳಿಂದ) ಅನಿಲ ಬಿಡಿಸಿ ಅಳೆದ ಪ್ರಮಾಣಕ್ಕಿಂತ ಎರಡು ಪಟ್ಟಿಗೂ ಮೀರಿದ ಉತ್ತರ ಬಂದಿತು. 2015ರಲ್ಲಿ ಚಿಕ್ಯೂ ಹಡಗು ಅದೇ ಜಲಾನಯನಕ್ಕೆ ಬಂದಾಗ ಹುಡುಕಾಟ ಮರಳು ಪದರಗಳತ್ತ ತಿರುಗಿತ್ತು. ಅವು ಸಿಕ್ಕವು ಕೂಡ.

ಇಷ್ಟು ಕೇಳಿದ ಮೇಲೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ನನಗೆ ಇಷ್ಟ, ಏಕೆಂದರೆ ಅದು ಕಣ್ಣಾರೆ ಕಂಡದ್ದರಿಂದ ಹುಟ್ಟಿದ್ದು: "ಹಾಗಾದರೆ ನಮ್ಮ ಒತ್ತಡದ ಪಾತ್ರೆಯಲ್ಲಿ ಮರಳು ಹಾಕಿದಾಗ ಹೈಡ್ರೇಟ್ ಬೇಗ ಆಯಿತಲ್ಲ ಸರ್, ಬರಿಯ ನೀರಿನಲ್ಲಿ ಆಗಲೇ ಇಲ್ಲ?" ಸರಿಯಾಗಿಯೇ ಕಂಡಿದ್ದಾರೆ. ಕಲಕದೆ ಬಿಟ್ಟ ನೀರಿನ ಮೇಲೆ ಮೊದಲು ಒಂದು ತೆಳು ಪೊರೆ ಕಟ್ಟುತ್ತದೆ. ಅದು ಅನಿಲವನ್ನೂ ನೀರನ್ನೂ ಬೇರೆ ಮಾಡಿಬಿಡುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅರೆಬರೆ ತೊಯ್ದ ಮರಳಿನಲ್ಲಿ ಅನಿಲ ಕಣಗಳ ಸಂದಿನಲ್ಲಿ ಸುಳಿದು ನೀರನ್ನು ಎಲ್ಲೆಡೆ ಮುಟ್ಟುತ್ತದೆ. ಹರಳುಗಟ್ಟುವಾಗ ಹೊಮ್ಮುವ ಶಾಖವನ್ನೂ ಕಣಗಳು ಹೊರಗೆ ಸಾಗಿಸುತ್ತವೆ. ಇದು ವೇಗದ ಮಾತು. ಮೇಲೆ ಹೇಳಿದ್ದು ಹೈಡ್ರೇಟ್ ನಿಲ್ಲಬಲ್ಲುದೇ ಎಂಬ ಮಾತು. ಒಂದೇ ವಸ್ತು ವೇಗಕ್ಕೆ ನೆರವಾಗಿ ಸ್ಥಿರತೆಗೆ ಅಡ್ಡಿಯಾಗಬಹುದು. ರಂಧ್ರಮಯ ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಉಸಿರಿನಲ್ಲಿ ಕೇಳಿದರೆ ನಾನು ಉತ್ತರಿಸುವುದಿಲ್ಲ.

ರಂಧ್ರದ ಗಾತ್ರವೇ ಸರ್ವಸ್ವ ಎಂದೂ ಹೇಳಲಾರೆ. ಅನಿಲ ಬೇಕು, ಅದು ಬರಲು ದಾರಿ ಬೇಕು, ನೀರಿನಲ್ಲಿ ಉಪ್ಪೆಷ್ಟು ಎಂಬುದೂ ಮುಖ್ಯ. 2006ರ ಅದೇ ಯಾತ್ರೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯಾಚೆಯ ಕೇರಳ–ಕೊಂಕಣ ಜಲಾನಯನದಲ್ಲಿ ಕೊರೆದಾಗ ಹೈಡ್ರೇಟ್‌ನ ಕುರುಹು ಸಿಗಲಿಲ್ಲ. ಅಗಲ ರಂಧ್ರಗಳ ಮರಳಿಗೂ ತನ್ನದೇ ಕಾಟವಿದೆ: 2013ರಲ್ಲಿ ನಂಕಾಯ್‌ನಲ್ಲಿ ಆರು ದಿನ ಅನಿಲ ತೆಗೆದ ಮೇಲೆ, ಬಾವಿಯೊಳಗೆ ಮರಳೇ ನುಗ್ಗಿ ಪರೀಕ್ಷೆ ನಿಂತಿತು.

ಹೋದ ವರ್ಷ ಯುವ ಎಂಜಿನಿಯರ್ ಒಬ್ಬರು ಜೇಡಿ ಮಾದರಿಯನ್ನು ಓವನ್‌ನಲ್ಲಿ ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಗಾಜಿನ ಶೀಶೆಯಲ್ಲಿ ತುಂಬಿ, ಅಚ್ಚುಕಟ್ಟಾಗಿ ಚೀಟಿ ಅಂಟಿಸಿ ತಂದುಕೊಟ್ಟರು. ಅವರ ಶ್ರದ್ಧೆ ಕಂಡು ಸಂತೋಷವಾಯಿತು, ಮಾದರಿ ಕಂಡು ಸಂಕಟವಾಯಿತು. ಒಣಗಿದ ಜೇಡಿ ಕುಗ್ಗುತ್ತದೆ. ಮತ್ತೆ ನೆನೆಸಿದರೂ ಹಳೆಯ ರಂಧ್ರಗಳು ಮರಳಿ ಬರುವುದಿಲ್ಲ. ಆದ್ದರಿಂದ ಮಾದರಿ ಕಳುಹಿಸುವವರು ಅದನ್ನು ತೆಗೆದ ಹಸಿಯಲ್ಲೇ, ಗಾಳಿಯಾಡದಂತೆ ಸುತ್ತಿ, ಹೆಪ್ಪುಗಟ್ಟಿಸದೆ ಕಳುಹಿಸಿ. ಜೊತೆಗೆ ಕಣಗಾತ್ರದ ಹಂಚಿಕೆ ಮತ್ತು ರಂಧ್ರದ ನೀರಿನ ಉಪ್ಪಿನಂಶ ಇರಲಿ. ರಂಧ್ರತೆಯ ಶೇಕಡಾವಾರು ಕೊನೆಯ ಪುಟದಲ್ಲಿದ್ದರೂ ಸಾಕು.