ಸೀಸಕ್ಕೆ ಹಿಡಿದ ಇಕ್ಕುಳ

ಜಯನಗರದ ಯಾವುದಾದರೂ ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸುವಾಗ ಗಮನಿಸಿ ನೋಡಿ. ರಕ್ತ ತುಂಬುವುದು ನೇರಳೆ ಮುಚ್ಚಳದ ಪುಟ್ಟ ಟ್ಯೂಬಿಗೆ. ಅದರೊಳಗೆ ಮೊದಲೇ ಸವರಿಟ್ಟ ಇಡಿಟಿಎ ಎಂಬ ರಾಸಾಯನಿಕ ರಕ್ತದ ಕ್ಯಾಲ್ಸಿಯಮ್ಮನ್ನು ಕಚ್ಚಿ ಹಿಡಿಯುತ್ತದೆ, ಹಾಗಾಗಿ ರಕ್ತ ಹೆಪ್ಪುಗಟ್ಟುವುದಿಲ್ಲ. ಇದೇ ಇಡಿಟಿಎಯನ್ನು ಡ್ರಿಪ್ಪಿನಲ್ಲಿ ಏರಿಸಿದರೆ ಹೃದಯದ ಬ್ಲಾಕ್ ಕರಗುತ್ತದೆ, ಬೈಪಾಸೇ ಬೇಡ ಎಂಬ ಮಾತು ವಾಟ್ಸ್ಯಾಪಿನಲ್ಲಿ ಆಗಾಗ ಬರುತ್ತಿರುತ್ತದೆ. ಈ ಚಿಕಿತ್ಸೆಯ ಹೆಸರು ಕೀಲೇಷನ್. ಏಡಿಯ ಇಕ್ಕುಳಕ್ಕೆ ಗ್ರೀಕರು ಇಟ್ಟ ಹೆಸರಿನಿಂದ ಬಂದದ್ದು.

ಇಡಿಟಿಎ ಹುಟ್ಟಿದ್ದು ಆಸ್ಪತ್ರೆಗಾಗಿ ಅಲ್ಲ, ಬಟ್ಟೆಗೆ ಬಣ್ಣ ಹಾಕುವವರಿಗಾಗಿ. ಗಡಸು ನೀರಿನ ಕ್ಯಾಲ್ಸಿಯಂ ಬಣ್ಣ ಕೆಡಿಸುತ್ತಿತ್ತು; ಅದನ್ನು ಹಿಡಿದಿಡಲು ಜರ್ಮನಿಯ ಫರ್ಡಿನಾಂಡ್ ಮ್ಯುಂಟ್ಸ್ 1935ರಲ್ಲಿ ಇದನ್ನು ತಯಾರಿಸಿದರು. (ಬಕೆಟ್ಟಿನ ಅಂಚಿಗೆ ಕೂತ ಬೋರ್‌ವೆಲ್ ನೀರಿನ ಬಿಳಿ ಕಲೆ ಉಜ್ಜಿ ಸೋತ ಬೆಂಗಳೂರಿಗರಿಗೆ ಗಡಸು ನೀರಿನ ವಿವರಣೆ ಬೇಕಿಲ್ಲ.) ಎರಡನೇ ಮಹಾಯುದ್ಧದಲ್ಲಿ ಆರ್ಸೆನಿಕ್ ಇರುವ ಲೂಯಿಸೈಟ್ ಎಂಬ ವಿಷಾನಿಲಕ್ಕೆ ಆಕ್ಸ್‌ಫರ್ಡ್‌ನಲ್ಲಿ ಹೀಗೇ ಕಚ್ಚಿ ಹಿಡಿಯುವ ಬೇರೊಂದು ಮದ್ದು ಸಿದ್ಧವಾಯಿತು. 1950ರ ದಶಕದಲ್ಲಿ, ಸೀಸ ಮೈಗೇರಿದ ಬ್ಯಾಟರಿ ಕಾರ್ಖಾನೆಯ ಕಾರ್ಮಿಕರಿಗೆ ಅಮೆರಿಕದಲ್ಲಿ ಇಡಿಟಿಎ ಕೊಟ್ಟರು. ಸೀಸ ಮೂತ್ರದಲ್ಲಿ ಹೊರಬಿತ್ತು. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಶುರುವಾದದ್ದು 1956ರಲ್ಲಿ. ಡೆಟ್ರಾಯಿಟ್‌ನ ವೈದ್ಯ ನಾರ್ಮನ್ ಕ್ಲಾರ್ಕ್ ಎದೆನೋವಿನ ರೋಗಿಗಳಿಗೆ ಇದನ್ನು ಕೊಟ್ಟು, ಗುಣ ಕಂಡಿತು ಎಂದು ಬರೆದರು. ಬ್ಲಾಕಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಇಡಿಟಿಎ ಕ್ಯಾಲ್ಸಿಯಂ ಎಳೆಯುತ್ತದೆ, ಆದ್ದರಿಂದ ಬ್ಲಾಕ್ ಕರಗಬೇಕು: ಗೀಸರಿನ ಸುಣ್ಣ ಕರಗಿಸುವ ಪ್ಲಂಬರನ ತರ್ಕ. ಕೇಳಲು ಎಷ್ಟು ಸಲೀಸು! ಆದರೆ ಬ್ಲಾಕ್ ಅಂದರೆ ಪೈಪಿನೊಳಗೆ ಕೂತ ಸುಣ್ಣವಲ್ಲ; ನಾಳದ ಗೋಡೆಯೊಳಗೇ ಬೆಳೆದ ಕೊಬ್ಬು, ಜೀವಕೋಶ, ನಾರು. ಕ್ಯಾಲ್ಸಿಯಂ ತಡವಾಗಿ ಬಂದು ಸೇರುವಂಥದ್ದು. ಎದೆನೋವಾದರೂ ತಾನಾಗಿ ಏರಿಳಿಯುತ್ತದೆ. ಮದ್ದು ಸಿಗದ ರೋಗಿಗಳ ಜೊತೆ ಹೋಲಿಸದೆ ಏನೂ ಹೇಳಲಾಗದು.

ದೊಡ್ಡ ಮಟ್ಟದಲ್ಲಿ ಅಂಥ ಹೋಲಿಕೆ ಆಗಲು ಅರ್ಧ ಶತಮಾನ ಹಿಡಿಯಿತು. ಅಮೆರಿಕ ಸರ್ಕಾರದ ಹಣದಲ್ಲಿ 1,708 ಹೃದ್ರೋಗಿಗಳ ಮೇಲೆ ನಡೆದ ಟ್ಯಾಕ್ಟ್ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು: ಸ್ವಲ್ಪ ಲಾಭ, ಅದೂ ಬಹುಪಾಲು ಸಕ್ಕರೆ ಕಾಯಿಲೆಯವರಲ್ಲಿ. ಮಾರುವವರು ಹಬ್ಬ ಮಾಡಿದರು. ಹಾಗಿದ್ದರೆ ಸಕ್ಕರೆ ಕಾಯಿಲೆಯವರಲ್ಲೇ ನೋಡೋಣ ಎಂದು ಮತ್ತೊಂದು ಪ್ರಯೋಗ ನಡೆಯಿತು. ಅದರ ಉತ್ತರ 2024ರಲ್ಲಿ ಸಿಕ್ಕಿತು. ರಕ್ತದ ಸೀಸ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಹೃದಯಾಘಾತ, ಸಾವು ಕಡಿಮೆಯಾಗಿರಲಿಲ್ಲ. ಇಕ್ಕುಳ ಹಿಡಿಯಬೇಕಾದ್ದನ್ನು ಹಿಡಿದಿತ್ತು, ಅಷ್ಟೆ.

ನಡುವೆ ಜೀವಗಳೂ ಹೋದವು. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಇಡಿಟಿಎ ಏರಿಸುವಾಗಲೇ ತೀರಿಕೊಂಡ. ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತ್ತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಆಗುವುದೇ ಮಗುವಿನ ಮೈಯೊಳಗೆ ಆಗಿತ್ತು.

ನಮ್ಮೂರಿಗೆ ಸೀಸದ ಕತೆ ಹೊಸದಲ್ಲ. 1999ರ ಹೊತ್ತಿಗೆ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದ ಬೆನ್ನು ಹತ್ತಿದರು. ಆ ಮಕ್ಕಳಿಗೆಲ್ಲ ಯಾರೂ ಡ್ರಿಪ್ ಹಾಕಲಿಲ್ಲ. 2000ದಲ್ಲಿ ಸೀಸದ ಪೆಟ್ರೋಲನ್ನೇ ನಿಲ್ಲಿಸಿದರು. ಇಂದಿಗೂ ಮಗುವಿನ ರಕ್ತದ ಸೀಸ ಅದೇ ಅಳತೆಯಲ್ಲಿ 45 ಮೈಕ್ರೋಗ್ರಾಂ ಮುಟ್ಟುವವರೆಗೆ ಸಾಮಾನ್ಯವಾಗಿ ಕೀಲೇಷನ್ ಮಾಡುವುದಿಲ್ಲ. ಸೀಸ ಎಲ್ಲಿಂದ ಬರುತ್ತಿದೆ, ಗೋಡೆಯ ಹಳೇ ಪೇಂಟಿನಿಂದಲೋ ಪಕ್ಕದ ಬ್ಯಾಟರಿ ಅಂಗಡಿಯಿಂದಲೋ ಎಂದು ಹುಡುಕುತ್ತಾರೆ.

ಮಾರಾಟದ ಕೀಲೇಷನ್ನಿಗೆ ಈ ಅಳತೆಯ ಗೊಡವೆಯಿಲ್ಲ. ಅಳೆದರೂ ಅದರಲ್ಲೊಂದು ಕೈಚಳಕ: ಮೊದಲು ಮದ್ದು, ಆಮೇಲೆ ಮೂತ್ರ ಪರೀಕ್ಷೆ. ಆಗ ಯಾರ ಮೂತ್ರದಲ್ಲಾದರೂ ಲೋಹ ಹೆಚ್ಚೇ ಬರುತ್ತದೆ, ಆ ಮದ್ದು ಇರುವುದೇ ಅದಕ್ಕೆ. ಆ ಅಂಕಿಯನ್ನು ಮದ್ದು ಕುಡಿಯದವರ ಅಂಕಿಯ ಪಕ್ಕ ಇಟ್ಟು ‘ನೋಡಿ, ಎಷ್ಟು ವಿಷ’ ಎನ್ನುತ್ತಾರೆ. ಡಿಟಾಕ್ಸ್ ಮಾತ್ರೆಯಂತೂ ಇನ್ನೂ ಪೊಳ್ಳು; ನುಂಗಿದ ಇಡಿಟಿಎಯಲ್ಲಿ ರಕ್ತ ಸೇರುವುದು ನೂರಕ್ಕೆ ಐದು ಪಾಲಿನಷ್ಟು. ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆಂಬ ಜಾಹೀರಾತನ್ನು ನಮ್ಮಲ್ಲಿ 1954ರ ಕಾಯ್ದೆಯೇ ನಿಷೇಧಿಸಿದೆ. ಬಸ್ ಸ್ಟಾಪಿನ ಗೋಡೆಗಳು ಅದನ್ನು ಓದಿದಂತಿಲ್ಲ.

ಮೈಯ ವಿಷ ಇಳಿಸಲು ಹೊರಟವರು ಕೆಲವೊಮ್ಮೆ ಭಸ್ಮದ ಪೊಟ್ಟಣಕ್ಕೂ ಕೈ ಹಾಕುತ್ತಾರೆ. ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ 2004ರಲ್ಲಿ ಬಂತು. 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇತ್ತು.

ಹಾಗೆಂದು ಕೀಲೇಷನ್ ಸುಳ್ಳಲ್ಲ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಕೆಲವು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಅದರೊಡನೆ ಬರುವ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕಲು ದಿನವೂ ಡೆಫೆರಾಸಿರಾಕ್ಸ್ ಮಾತ್ರೆ, ವರ್ಷಗಟ್ಟಲೆ. ಬೆಂಗಳೂರಿನ ಡೇ ಕೇರ್ ವಾರ್ಡಿನಲ್ಲಿ ಕೂತ ಅಮ್ಮಂದಿರ ಫೈಲಿನಲ್ಲಿ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸುಳಿವು ಕೊಡುವ ಫೆರಿಟಿನ್ ಅಂಕಿಗಳ ಸಾಲೇ ಇರುತ್ತದೆ. ಡಾಕ್ಟರು ಹಿಂದಿನ ಅಂಕಿ ನೋಡಿಯೇ ಮುಂದಿನ ಡೋಸ್ ಬರೆಯುವುದು.