ಓರೆಯಾಗಿ ಬಿದ್ದ ಬಂಡೆ, ದುಂಡಗಿನ ಕುಳಿ

ಚಂದ್ರನ ಕುಳಿಗಳ ಫೋಟೊ ನೋಡಿ. ಹೆಚ್ಚುಕಡಿಮೆ ಎಲ್ಲವೂ ದುಂಡಗಿವೆ. ಬಾಹ್ಯಾಕಾಶದ ಬಂಡೆಗಳು ನೆಟ್ಟಗೇ ಬೀಳಬೇಕು ಅಂತೇನಿಲ್ಲ, ಹೆಚ್ಚಿನವು ಓರೆಯಾಗಿಯೇ ಬರುತ್ತವೆ. ಹಾಗಿದ್ದರೆ ಕುಳಿಗಳು ಉದ್ದುದ್ದ ಇರಬೇಕಿತ್ತು, ಅಲ್ವಾ?

ಈ ಪ್ರಶ್ನೆ ಘಟಾನುಘಟಿಗಳನ್ನೇ ಕಾಡಿದೆ. ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1890ರ ದಶಕದಲ್ಲೇ ಚಂದ್ರನ ಕುಳಿಗಳು ಜ್ವಾಲಾಮುಖಿಗಳಲ್ಲ, ಅಪ್ಪಳಿಕೆಯ ಗುರುತುಗಳು ಎಂದಿದ್ದರು. ಸರಿಯಾಗಿಯೇ ಹೇಳಿದ್ದರು. ಆದರೆ ದುಂಡಗಿನ ಆಕಾರ ಅವರಿಗೆ ತೊಡಕಾಯಿತು. ಬಂಡೆಗಳು ಆದಷ್ಟು ನೆಟ್ಟಗೆ ಬೀಳಲಿ ಅಂತ, ಒಂದು ಕಾಲದಲ್ಲಿ ಭೂಮಿಯ ಸುತ್ತ ಪುಟ್ಟ ಚಂದ್ರರ ಉಂಗುರವೇ ಇತ್ತು ಎಂದು ಊಹಿಸಬೇಕಾಯಿತು. ಬೇರೆ ಅನೇಕರು ಇನ್ನೂ ಹಲವು ದಶಕ ಜ್ವಾಲಾಮುಖಿಯ ವಾದವನ್ನು ಬಿಡಲೇ ಇಲ್ಲ.

ಇದು ಕೆಸರಿಗೆ ಕಲ್ಲೆಸೆದ ಹಾಗೆ ಎಂದುಕೊಂಡೇ ಎಲ್ಲರೂ ಎಡವುತ್ತಾರೆ. ಕಲ್ಲು ಕೆಸರನ್ನು ಪಕ್ಕಕ್ಕೆ ತಳ್ಳುತ್ತದೆ, ಅಷ್ಟೇ. ಬಾಹ್ಯಾಕಾಶದಿಂದ ಬರುವ ಬಂಡೆಯ ವೇಗವೇ ಬೇರೆ. ಸೆಕೆಂಡಿಗೆ 15 ಕಿಲೋಮೀಟರ್ ವೇಗದಲ್ಲಿದ್ದರೆ, ಅದರ ಒಂದೊಂದು ಕಿಲೋದಲ್ಲೂ ಅಷ್ಟೇ ತೂಕದ ಟಿಎನ್‌ಟಿ ಸ್ಫೋಟಕಕ್ಕಿಂತ 25 ಪಟ್ಟಿಗೂ ಜಾಸ್ತಿ ಶಕ್ತಿ ತುಂಬಿರುತ್ತದೆ. ನೆಲ ಮುಟ್ಟಿದ ಕ್ಷಣದಲ್ಲೇ ಎರಡು ಆಘಾತ ತರಂಗಗಳು ಹುಟ್ಟುತ್ತವೆ. ಒಂದು ನೆಲದೊಳಗೆ ನುಗ್ಗುತ್ತದೆ, ಇನ್ನೊಂದು ಬಂಡೆಯೊಳಕ್ಕೇ ಹಿಂದಕ್ಕೆ ಓಡುತ್ತದೆ. ಬಂಡೆ ಒಳಗೆ ಹೋಗುವುದು ಹೆಚ್ಚುಕಡಿಮೆ ತನ್ನ ಗಾತ್ರದಷ್ಟು ಆಳಕ್ಕೆ ಮಾತ್ರ. ಅಷ್ಟರಲ್ಲಿ ಅದು ಭಯಂಕರ ಒತ್ತಡದಲ್ಲಿ ಅಮುಕಿಹೋಗಿರುತ್ತದೆ. ಒತ್ತಡ ಸಡಿಲವಾದ ಕೂಡಲೇ ಅದರ ಬಹುಪಾಲು ಕರಗುತ್ತದೆ, ಆವಿಯಾಗುತ್ತದೆ. ಕುಳಿ ತೋಡುವುದು ಬಂಡೆಯಲ್ಲ, ನೆಲದೊಳಗೆ ನುಗ್ಗಿದ ಆ ತರಂಗ. ಅದು ಒಂದು ಬಿಂದುವಿನಿಂದ ಹೊರಟು ಸುತ್ತಲೂ ಹಬ್ಬುತ್ತದೆ. ಕುಳಿ ಬಂಡೆಗಿಂತ ಹತ್ತಿಪ್ಪತ್ತು ಪಟ್ಟು ಅಗಲವಾಗುವ ಹೊತ್ತಿಗೆ, ಬಂಡೆ ಯಾವ ದಿಕ್ಕಿನಿಂದ ಬಂತು ಎಂಬ ಸುಳಿವು ಅಳಿಸಿಹೋಗಿರುತ್ತದೆ. ನೆಲಕ್ಕೆ ಸುಮಾರು 15 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಉಜ್ಜಿಕೊಂಡು ಬಂದರೆ ಮಾತ್ರ ಕುಳಿ ಉದ್ದವಾಗುತ್ತದೆ. ನ್ಯೂಜಿಲೆಂಡಿನ ಚಾರ್ಲ್ಸ್ ಗಿಫರ್ಡ್ 1924ರಲ್ಲೇ ಅಪ್ಪಳಿಕೆ ಅಂದರೆ ಸ್ಫೋಟ ಎಂದು ವಿವರಿಸಿದ್ದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ.

ಇದನ್ನು ಅರಿಯದೆ ಹಣ ಕಳೆದುಕೊಂಡವರೂ ಇದ್ದಾರೆ. ಅರಿಜೋನಾದಲ್ಲಿ 1.2 ಕಿಲೋಮೀಟರ್ ಅಗಲದ ಒಂದು ಕುಳಿಯಿದೆ. ಡೇನಿಯಲ್ ಬ್ಯಾರಿಂಜರ್ ಎಂಬ ಗಣಿ ಎಂಜಿನಿಯರ್ 1903ರಿಂದ ಅಲ್ಲಿ ಅಗೆಸಿದರು. ತಳದಲ್ಲಿ ಕಬ್ಬಿಣದ ಭಾರೀ ಉಲ್ಕೆ ಹೂತಿದೆ ಎಂಬುದು ಅವರ ನಂಬಿಕೆ. 1929ರಲ್ಲಿ ಖಗೋಳವಿಜ್ಞಾನಿ ಎಫ್. ಆರ್. ಮೌಲ್ಟನ್ ಲೆಕ್ಕ ಹಾಕಿ, ಅಗೆಯಲು ಅಲ್ಲಿ ಏನೂ ಉಳಿದಿಲ್ಲ ಎಂದರು. ಅದೇ ವರ್ಷ ಬ್ಯಾರಿಂಜರ್ ತೀರಿಕೊಂಡರು. ಕುಳಿ ಉಲ್ಕೆಯಿಂದಲೇ ಆದದ್ದು ಎಂಬ ಅವರ ಹಟ ಮಾತ್ರ ಪೂರ್ತಿ ಸರಿಯಾಗಿತ್ತು.

ನನಗೆ ಅತ್ಯಂತ ಇಷ್ಟವಾದ ಭಾಗ ಇನ್ನು ಮುಂದಿದೆ. ಈ ದುಂಡಗಿನ ನಿಯಮ ಒಂದು ಗಾತ್ರದವರೆಗೆ ಮಾತ್ರ. ಬಂಡೆಯೇ ಸಾವಿರಾರು ಕಿಲೋಮೀಟರ್ ಅಗಲವಿದ್ದರೆ? ಆಗ ಅದರ ಕೆಳಗೆ ನೆಲ ಚಪ್ಪಟೆಯಾಗಿರುವುದಿಲ್ಲ, ಗ್ರಹದ ಮೈಯೇ ಬಾಗುತ್ತಾ ಹೋಗುತ್ತದೆ. ಬಂಡೆಯ ಒಂದು ಭಾಗ ಒಂದು ಕೋನದಲ್ಲಿ ಬಡಿದರೆ, ಇನ್ನೊಂದು ಭಾಗ ಬೇರೆ ಕೋನದಲ್ಲಿ. ಕುಳಿಯೂ ಬಂಡೆಗಿಂತ ಹತ್ತಿಪ್ಪತ್ತು ಪಟ್ಟು ದೊಡ್ಡದಾಗುವುದಿಲ್ಲ. ಹಾಗಾಗಿ ಸಾಧಾರಣ ಓರೆಯಲ್ಲಿ ಬಿದ್ದರೂ ಗುರುತು ಉದ್ದವಾಗಿಯೇ ಉಳಿಯುತ್ತದೆ.

ಮಂಗಳನ ಮೇಲೆ ಹೀಗೇ ಆಗಿರಬಹುದು. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಸೆಕೆಂಡಿಗೆ 10 ಸಲ ಲೇಸರ್ ಬೆಳಕು ಬಿಟ್ಟು, ಅದು ಮರಳಿ ಬರುವ ಸಮಯ ಅಳೆದು ಇಡೀ ಗ್ರಹದ ಎತ್ತರ-ತಗ್ಗುಗಳ ನಕ್ಷೆ ಮಾಡಿತು. ಉತ್ತರ ಭಾಗ ದಕ್ಷಿಣಕ್ಕಿಂತ ಸರಾಸರಿ 5 ಕಿಲೋಮೀಟರ್ ತಗ್ಗು. ಅಲ್ಲಿ ಹೊರಪದರವೂ ತೆಳು. ಅಪ್ಪಳಿಕೆಯೇ ಕಾರಣ ಎಂಬ ವಾದ 1984ರಲ್ಲೇ ಬಂದಿತ್ತು. ಆದರೆ ಆ ತಗ್ಗಿನ ಅಂಚು ಅಂಕುಡೊಂಕು. ಥಾರ್ಸಿಸ್ ಎಂಬ ಜ್ವಾಲಾಮುಖಿ ಪ್ರಸ್ಥಭೂಮಿ ಆಮೇಲೆ ಬೆಳೆದು ಅದರ ಒಂದು ಭಾಗವನ್ನು ಮುಚ್ಚಿಬಿಟ್ಟಿತ್ತು. 2008ರಲ್ಲಿ ಗುರುತ್ವದ ಅಳತೆಗಳನ್ನು ಬಳಸಿ, ಲಾವಾದ ಕೆಳಗೆ ಮೂಲ ಅಂಚು ಎಲ್ಲಿದೆ ಎಂದು ವಿಜ್ಞಾನಿಗಳ ಒಂದು ತಂಡ ಹುಡುಕಿತು. ಸಿಕ್ಕಿದ್ದು ಸುಮಾರು 10,600 ಕಿಲೋಮೀಟರ್ ಉದ್ದ, 8,500 ಕಿಲೋಮೀಟರ್ ಅಗಲದ ದೀರ್ಘವೃತ್ತ! ಅದೇ ವರ್ಷ ಇನ್ನೊಂದು ತಂಡ ಕಂಪ್ಯೂಟರ್ ಲೆಕ್ಕ ಮಾಡಿ, 1,600ರಿಂದ 2,700 ಕಿಲೋಮೀಟರ್ ಅಗಲದ ಕಾಯವೊಂದು 30ರಿಂದ 60 ಡಿಗ್ರಿ ಓರೆಯಲ್ಲಿ ಬಡಿದರೆ ಇಂಥದ್ದೇ ತಗ್ಗು ಉಂಟಾಗುತ್ತದೆ ಎಂದು ತೋರಿಸಿತು. ಗ್ರಹದ ಒಳಗಿನ ಬಿಸಿ ಕಲ್ಲಿನ ಹರಿವೇ ಈ ವ್ಯತ್ಯಾಸ ತಂದಿತು ಎನ್ನುವವರೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ. ಆದರೆ ದೀರ್ಘವೃತ್ತದಂಥ ಅಚ್ಚುಕಟ್ಟಾದ ಆಕಾರ ಸುಮ್ನೆ ಬರುವುದಿಲ್ಲ ಎಂಬುದು ನನ್ನ ಅನಿಸಿಕೆ.

ದಕ್ಷಿಣದ ಹೆಲಾಸ್ ಕುಳಿ ಅದಕ್ಕಿಂತ ಚಿಕ್ಕದು, ಸುಮಾರು 2,300 ಕಿಲೋಮೀಟರ್ ಅಗಲ. ಅದೂ ಪೂರ್ತಿ ದುಂಡಗಿಲ್ಲ.

ಉತ್ತರದ ಆ ತಗ್ಗೇ ಮಂಗಳನ ಮುಂದಿನ ಕಥೆಯನ್ನೂ ತಿದ್ದಿತು. ಹಳೆಯ ಮಹಾಪ್ರವಾಹಗಳ ಕಾಲುವೆಗಳು ಹೆಚ್ಚಾಗಿ ಅತ್ತಲೇ ಇಳಿಯುತ್ತವೆ. ನೌಕೆ ಇಳಿಸುವವರಿಗೂ ಅದೇ ಅನುಕೂಲ. ನೆಲ ತಗ್ಗಿದಷ್ಟೂ ಪ್ಯಾರಾಶೂಟಿಗೆ ಸಿಗುವ ಗಾಳಿ ಜಾಸ್ತಿ, ಜೊತೆಗೆ ಬಯಲೂ ಸಮತಟ್ಟು. 1976ರ ಎರಡು ವೈಕಿಂಗ್ ನೌಕೆಗಳೂ 2021ರ ಚೀನಾದ ಜುರಾಂಗ್ ರೋವರ್ ಕೂಡ ಇಳಿದದ್ದು ಆ ಉತ್ತರದ ಬಯಲಿನಲ್ಲೇ.