ಮುಚ್ಚಿದ ಗುಂಡಿ ಮತ್ತೆ ಅಲ್ಲೇ ಯಾಕೆ ಬೀಳುತ್ತದೆ?

ಪ್ರಶ್ನೆ: ನಮ್ಮ ರಸ್ತೆಯ ಒಂದು ಗುಂಡಿಯನ್ನು ಈ ವರ್ಷ ಮೂರು ಸಲ ಮುಚ್ಚಿದ್ದಾರೆ. ಮೂರು ಸಲವೂ ಅದೇ ಜಾಗದಲ್ಲಿ ಬಾಯಿ ಬಿಟ್ಟಿದೆ. ಟಾರ್ ಇನ್ನೂ ಸ್ವಲ್ಪ ದಪ್ಪಗೆ ಹಾಕಿದ್ರೆ ಸರಿ ಹೋಗ್ತಿತ್ತು, ಅಲ್ವಾ?

ಈ ಪ್ರಶ್ನೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಒಬ್ಬರು ಗುಂಡಿಯ ಆಳ ಹೇಳುತ್ತಾರೆ, ಇನ್ನೊಬ್ಬರು ಬೈಕಿನಿಂದ ಬಿದ್ದ ಕಥೆ ಹೇಳುತ್ತಾರೆ. ಕೊನೆಯ ಮಾತು ಮಾತ್ರ ಎಲ್ಲರದೂ ಒಂದೇ: ಟಾರ್ ದಪ್ಪಗೆ ಹಾಕಬೇಕಿತ್ತು.

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ಸರಿ ಹೋಗುತ್ತಿರಲಿಲ್ಲ. ಮೇಲೆ ಕಾಣುವ ಗುಂಡಿ ಕೆಳಗಿನಿಂದ ಹುಟ್ಟಿ ಬಂದದ್ದು. ಕೆಳಗೆ ಸೇರಿಕೊಂಡ ನೀರಿಗೆ ಹೊರಗೆ ಹೋಗಲು ದಾರಿ ಮಾಡಿಕೊಡದೆ ಮೇಲೆ ಏನೇ ಸುರಿದರೂ ಅದು ಅಲ್ಲೇ ಕುಸಿಯುತ್ತದೆ.

ಈಗ ಈ ದಪ್ಪದ ಕಥೆಗೆ ಬರೋಣ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ. ಇದನ್ನು ಒಂದು ಸಲ ಸರಿಯಾಗಿ ತಿಳಿದುಕೊಂಡರೆ ರಸ್ತೆಯನ್ನು ನೋಡುವ ಕಣ್ಣೇ ಬದಲಾಗುತ್ತದೆ.

ನಾವು ಟಾರ್ ರಸ್ತೆ ಅನ್ನುತ್ತೇವಲ್ಲ, ಅದರಲ್ಲಿ ಟಾರ್ ಎಷ್ಟಿರುತ್ತದೆ ಗೊತ್ತಾ? ಆ ಕಪ್ಪು ಪದರದ 100 ಕಿಲೋ ತೂಕ ಮಾಡಿದರೆ ಸುಮಾರು 95 ಕಿಲೋ ಜಲ್ಲಿ ಮತ್ತು ಕಲ್ಲುಪುಡಿ. ಅಂಟು 5 ಕಿಲೋ ಆಸುಪಾಸು. ಆ ಅಂಟು ಕೂಡ ಈಗ ಟಾರ್ ಅಲ್ಲ. ಟಾರ್ ಸಿಗುವುದು ಕಲ್ಲಿದ್ದಲಿನಿಂದ. ಇವತ್ತು ರಸ್ತೆಗೆ ಹಾಕುವುದು ಕಚ್ಚಾ ತೈಲವನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. ಹೆಸರು ಹಳೆಯದೇ ಉಳಿದುಕೊಂಡಿದೆ, ಇರಲಿ, ನಾನೂ ಟಾರ್ ಎಂದೇ ಬರೆಯುತ್ತೇನೆ. ಅದರ ಕೆಲಸ ಜಲ್ಲಿಯನ್ನು ಹಿಡಿದಿಟ್ಟುಕೊಳ್ಳುವುದು ಮತ್ತು ಮೇಲಿನ ನೀರು ಕೆಳಗೆ ಇಳಿಯದಂತೆ ತಡೆಯುವುದು. ಸಾಮಾನ್ಯ ಬೀದಿಗಳಲ್ಲಿ ಈ ಕಪ್ಪು ಪದರ ಕೆಲವೇ ಸೆಂಟಿಮೀಟರ್ ಇರುತ್ತದೆ. ಅದರ ಕೆಳಗೆ ಗಟ್ಟಿ ಜಲ್ಲಿಯ ಪದರ, ಅದರ ಕೆಳಗೆ ಒರಟು ಗ್ರಾವೆಲ್, ಎಲ್ಲಕ್ಕಿಂತ ಕೆಳಗೆ ಆ ಜಾಗದ ಸ್ವಂತ ಮಣ್ಣು. ಲಾರಿಯ ಭಾರ ಒಂದೊಂದೇ ಪದರ ದಾಟುತ್ತಾ, ಅಗಲವಾಗಿ ಹರಡಿಕೊಂಡು, ಕೊನೆಗೆ ಆ ಮಣ್ಣಿನ ಮೇಲೆ ಹೋಗಿ ಕೂರುತ್ತದೆ.

ಈ ಮಾತನ್ನು ಎರಡು ಶತಮಾನದ ಹಿಂದೆಯೇ ಕಂಡುಕೊಂಡವನು ಸ್ಕಾಟ್ಲೆಂಡಿನ ಜಾನ್ ಮೆಕಾಡಮ್. ಹುಟ್ಟಿದ್ದು 1756ರಲ್ಲಿ, ತೀರಿಕೊಂಡಿದ್ದು 1836ರಲ್ಲಿ. ಅವನ ಕಾಲದ ರಸ್ತೆಗಳಿಗೆ ತಳದಲ್ಲಿ ದಪ್ಪ ದಪ್ಪ ಬಂಡೆ ಹಾಸುವ ರೂಢಿ ಇತ್ತು. ಅದೆಲ್ಲ ಬೇಡ ಎಂದ. ಭಾರ ಹೊರುವುದು ನೆಲದ ಮಣ್ಣೇ, ಅದು ಒಣಗಿದ್ದರೆ ಎಂಥ ಗಾಡಿಯನ್ನೂ ತಡೆದುಕೊಳ್ಳುತ್ತದೆ, ನಮ್ಮ ಕೆಲಸ ಅದನ್ನು ಒಣದಾಗಿ ಇಡುವುದು. ಇಷ್ಟೇ ಅವನ ಸಿದ್ಧಾಂತ. ರಸ್ತೆಯನ್ನು ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರ ಮಾಡಿದ, ಪಕ್ಕದಲ್ಲಿ ಚರಂಡಿ ತೋಡಿಸಿದ, ಕೈಯಲ್ಲಿ ಒಡೆದ ಸಣ್ಣ ಜಲ್ಲಿಯನ್ನು ಹಾಸಿ ಗಾಡಿಗಳ ಚಕ್ರದಿಂದಲೇ ಬಿಗಿಯಾಗಲು ಬಿಟ್ಟ. ಒಂದು ತೊಟ್ಟು ಟಾರ್ ಹಾಕಲಿಲ್ಲ. ಆ ರಸ್ತೆಗಳು ಯುರೋಪಿನಾದ್ಯಂತ ಮಾದರಿಯಾದವು. ಟಾರು ಬೆರೆಸಿದ ಕಲ್ಲಿಗೆ ಎಡ್ಗರ್ ಹೂಲಿ ಎಂಬ ಬ್ರಿಟಿಷ್ ಎಂಜಿನಿಯರ್ ಪೇಟೆಂಟ್ ಪಡೆದದ್ದು 1902ರಲ್ಲಿ, ಮೆಕಾಡಮ್ ತೀರಿಕೊಂಡ 66 ವರ್ಷದ ಮೇಲೆ. ಅಂದರೆ ಒಳ್ಳೆಯ ರಸ್ತೆ ಮೊದಲು ಬಂತು, ಟಾರ್ ಆಮೇಲೆ ಬಂತು. ಇದನ್ನು ಹೇಳುವಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಎರಡು ಡಬ್ಬಿಗಳಲ್ಲಿ ಒಂದೇ ಜಾಗದ ಮಣ್ಣನ್ನು ಗಟ್ಟಿಯಾಗಿ ತುಂಬಿ. ಒಂದಕ್ಕೆ ನೀರು ಹನಿಸಿ, ಚೆನ್ನಾಗಿ ಇಂಗಲು ಬಿಡಿ. ಎರಡರ ಮೇಲೂ ಒಂದೊಂದು ರಟ್ಟು ಇಟ್ಟು ಹೆಬ್ಬೆರಳಿನಿಂದ ಒತ್ತಿ. ಒಣ ಮಣ್ಣಿನ ಮೇಲಿನ ರಟ್ಟು ಅಲುಗುವುದಿಲ್ಲ. ಒದ್ದೆ ಮಣ್ಣಿನ ಮೇಲಿನದು ಬಾಗಿ ಒಳಗೆ ಹೋಗುತ್ತದೆ. ರಟ್ಟು ಎರಡೂ ಕಡೆ ಒಂದೇ ಅಲ್ವಾ? ನಿಮ್ಮ ರಸ್ತೆಯ ಟಾರ್ ಆ ರಟ್ಟು.

ಗುಂಡಿ ಬೀಳುವುದೂ ಹೀಗೇ. ತಳ ಮೆತ್ತಗಾದ ಜಾಗದಲ್ಲಿ ಪ್ರತಿ ಚಕ್ರಕ್ಕೂ ಕಪ್ಪು ಪದರ ಕೂದಲೆಳೆಯಷ್ಟು ಬಾಗಿ ಮತ್ತೆ ಮೇಲೇಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೀರಲ್ಲ, ಹಾಗೆ ಅದು ದಣಿಯುತ್ತದೆ. ಚಕ್ರ ಹೋಗುವ ಜಾಡಿನಲ್ಲಿ ಮೊಸಳೆ ಚರ್ಮದಂಥ ಬಿರುಕು ಕಾಣಿಸುತ್ತದೆ. ಈ ಗುರುತು ನೆನಪಿಡಿ. ಮೊಸಳೆ ಚರ್ಮ ಕಂಡರೆ ಗುಂಡಿ ಆಗಲೇ ಶುರುವಾಗಿದೆ, ಬಾಯಿ ಬಿಡುವುದೊಂದೇ ಬಾಕಿ. ಬಿರುಕಿನೊಳಗೆ ನೀರು ನಿಂತ ಮೇಲೆ ಕೆಲಸ ಬೇಗ ಬೇಗ ಕೆಡುತ್ತದೆ. ಚಕ್ರ ಹಾಯುವಾಗ ಆ ನೀರಿನ ಮೇಲೆ ಒತ್ತಡ ಬಿದ್ದು ಅದು ಪಕ್ಕಕ್ಕೆ ನುಗ್ಗುತ್ತದೆ. ಚಕ್ರ ದಾಟಿದ ಮೇಲೆ ಹಿಂದಕ್ಕೆ ಚಿಮ್ಮುತ್ತದೆ. ಬರುವಾಗ ಸುಮ್ನೆ ಬರುವುದಿಲ್ಲ, ತಳದ ನುಣುಪು ಮಣ್ಣನ್ನು ಎತ್ತಿಕೊಂಡು ಬರುತ್ತದೆ. ಮಳೆಯ ಮರುದಿನ ಬಿರುಕಿನ ಸುತ್ತ ಕೆಸರಿನ ಕಲೆ ಕಂಡಿದ್ದೀರಾ? ಅದು ರಸ್ತೆಯ ತಳ ಹೊರಗೆ ಬಂದದ್ದು. ಸಾಲದ್ದಕ್ಕೆ ಕಲ್ಲಿಗೆ ಟಾರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಬಹಳ ದಿನ ನೆನೆದರೆ ನೀರು ನಿಧಾನವಾಗಿ ಟಾರನ್ನು ಸರಿಸಿ ತಾನು ಅಂಟಿಕೊಳ್ಳುತ್ತದೆ. ಆಮೇಲೆ ಜಲ್ಲಿ ಒಂದೊಂದೇ ಎದ್ದು ಹೋಗುತ್ತದೆ.

ದಪ್ಪಕ್ಕೆ ಬೆಲೆಯೇ ಇಲ್ಲವಾ ಎಂದು ಕೇಳುತ್ತೀರಿ. ಇದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಹತ್ತಿರ ಬೇರೆ ಬೇರೆ ದಪ್ಪದ ರಸ್ತೆಗಳನ್ನು ಪ್ರಯೋಗಕ್ಕೆಂದೇ ಕಟ್ಟಿ, ಸೈನಿಕರ ಕೈಯಲ್ಲಿ ಹಗಲು ರಾತ್ರಿ ಟ್ರಕ್ ಓಡಿಸಿದರು. ದಪ್ಪದ ರಸ್ತೆಗಳು ಹೆಚ್ಚು ಬಾಳಿದವು, ನಿಜ. ಆದರೆ ಅಲ್ಲಿ ರಸ್ತೆಗಳು ಬೇಗ ಕೆಟ್ಟದ್ದು ಯಾವಾಗ? ಚಳಿ ಮುಗಿದು, ನೆಲದೊಳಗಿನ ಮಂಜು ಕರಗಿ, ತಳದ ಮಣ್ಣು ನೀರು ಕುಡಿದು ಕೂತಿದ್ದ ವಸಂತದ ದಿನಗಳಲ್ಲಿ. ಅದೇ ರಸ್ತೆ, ಅದೇ ದಪ್ಪ, ಅದೇ ಟ್ರಕ್. ಬದಲಾದದ್ದು ನೀರು. ಆ ಪ್ರಯೋಗದಿಂದ ಸಿಕ್ಕ ಇನ್ನೊಂದು ಲೆಕ್ಕವೂ ಇದೆ. ಆಕ್ಸಲ್, ಅಂದರೆ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡಲ್ಲ, ಸುಮಾರು 16 ಪಟ್ಟು. ಅದಕ್ಕೇ ಸಾವಿರ ಕಾರು ಓಡಾಡಿದರೂ ಏನೂ ಆಗದ ಬೀದಿ, ಕಟ್ಟಡದ ಸಾಮಾನು ಹೊತ್ತ ಲಾರಿಗಳು ಕೆಲವು ವಾರ ಓಡಾಡಿದರೆ ಹಾಳಾಗುತ್ತದೆ.

ಹಳೆಯ ರಸ್ತೆಯ ಮೇಲೆ ಮತ್ತೆ ಮತ್ತೆ ಟಾರ್ ಹಾಕಿ ದಪ್ಪ ಮಾಡುವುದರಿಂದ ಕೆಡುವುದೇ ಜಾಸ್ತಿ. ರಸ್ತೆ ಮೇಲೇರುತ್ತದೆ, ಮ್ಯಾನ್‌ಹೋಲ್ ಮುಚ್ಚಳ ಅಲ್ಲೇ ಕೆಳಗೆ ಉಳಿದು ತಾನೇ ಒಂದು ಗುಂಡಿಯಾಗುತ್ತದೆ. ಚರಂಡಿಗೆ ನೀರು ಹೋಗುವ ಬಾಯಿ ಮುಚ್ಚಿಹೋಗುತ್ತದೆ. ನಡು ಎತ್ತರ, ಅಂಚು ತಗ್ಗು ಇರಬೇಕಾದ ಇಳಿಜಾರು ಕೆಡುತ್ತದೆ. ಒಂದು ಮೀಟರ್ ಅಗಲಕ್ಕೆ 2 ಸೆಂಟಿಮೀಟರ್ ಇಳಿಜಾರಿದ್ದರೂ ಸಾಕು, ನೀರು ಪಕ್ಕಕ್ಕೆ ಹರಿಯುತ್ತದೆ. ಅಷ್ಟು ಚಿಕ್ಕದು ತಪ್ಪಿದರೆ ಕಪ್ಪು ಹೊದಿಕೆ ಎಷ್ಟು ದಪ್ಪ ಇದ್ದರೂ ನೀರು ನಿಂತು ದಾರಿ ಹುಡುಕುತ್ತದೆ. ಕಾಂಕ್ರೀಟ್ ಹಾಕಿಬಿಡಿ ಅನ್ನುವವರಿಗೂ ಇದೇ ಉತ್ತರ. ಕಾಂಕ್ರೀಟಿನ ಜಾಯಿಂಟುಗಳಲ್ಲೂ ನೀರು ಇಳಿದು ತಳದ ಮಣ್ಣನ್ನು ಹೊರಗೆ ತಳ್ಳುತ್ತದೆ.

ಇನ್ನು ಮುಚ್ಚುವ ಕೆಲಸ. ಗುಂಡಿಯೊಳಗೆ ನೀರಿದ್ದ ಹಾಗೇ ಒಂದು ಬುಟ್ಟಿ ಟಾರ್ ಜಲ್ಲಿ ಸುರಿದು ಸಲಿಕೆಯಿಂದ ಬಡಿದು ಹೋದರೆ, ಕೆಟ್ಟ ತಳವನ್ನು ಮುಚ್ಚಿಟ್ಟಂತಾಯಿತು ಅಷ್ಟೇ. ಸರಿಯಾದ ಕೆಲಸದಲ್ಲಿ ಗುಂಡಿ ಮೊದಲು ದೊಡ್ಡದಾಗುತ್ತದೆ. ಸುತ್ತಲಿನ ಮೊಸಳೆ ಚರ್ಮವನ್ನೂ ಸೇರಿಸಿ, ಗಟ್ಟಿ ಜಾಗ ಸಿಗುವವರೆಗೆ, ಚೌಕವಾಗಿ ನೇರ ಅಂಚು ಕತ್ತರಿಸುತ್ತಾರೆ. ಒದ್ದೆ ಮಣ್ಣನ್ನು ತೆಗೆದು ತಳ ಒಣಗಿಸುತ್ತಾರೆ, ಅಂಚಿಗೆ ಅಂಟು ಬಳಿಯುತ್ತಾರೆ, ಬಿಸಿ ಮಿಶ್ರಣವನ್ನು ಪದರ ಪದರವಾಗಿ ತುಂಬಿ ಆರುವ ಮೊದಲೇ ರೋಲರ್ ಓಡಿಸುತ್ತಾರೆ. ಆರಿದ ಮೇಲೆ ಎಷ್ಟು ಒತ್ತಿದರೂ ಅದು ಬಿಗಿಯಾಗುವುದಿಲ್ಲ. ಒಳಗೆ ಉಳಿದ ಗಾಳಿಯ ಜಾಗ ಶೇಕಡ 8 ದಾಟಿದರೆ ಆ ಸಣ್ಣ ತೂತುಗಳು ಒಂದಕ್ಕೊಂದು ಸೇರಿ ನೀರಿಗೆ ದಾರಿಯಾಗುತ್ತವೆ. ನಿಮ್ಮ ರಸ್ತೆಯಲ್ಲಿ ಚೌಕವಾಗಿ ಕತ್ತರಿಸುತ್ತಿದ್ದರೆ, ಗುಂಡಿ ದೊಡ್ಡದು ಮಾಡಿದರು ಎಂದು ಸಿಟ್ಟಾಗಬೇಡಿ. ಅವರಿಗೆ ಕೆಲಸ ಗೊತ್ತಿದೆ.

ಅದೇ ಜಾಗ ಅನ್ನುತ್ತೀರಲ್ಲ, ಆ ಜಾಗವನ್ನು ಒಮ್ಮೆ ನಿಂತು ನೋಡಿ. ಅಡ್ಡವಾಗಿ ಹಳೆಯ ಪೈಪಿನ ಅಗೆತ ಹೋಗಿದೆಯಾ? ಅಗೆದ ಕಾಲುವೆಗೆ ಮಣ್ಣನ್ನು 15–20 ಸೆಂಟಿಮೀಟರ್ ಪದರಗಳಲ್ಲಿ ತುಂಬಿ ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಒಂದೇ ಸಲ ತುಂಬಿದರೆ ಅದು ತಿಂಗಳುಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಪಕ್ಕದ ಚರಂಡಿ ಕಟ್ಟಿಕೊಂಡಿದೆಯಾ? ಬಿಸಿಲುಗಾಲದಲ್ಲೂ ಗುಂಡಿಯ ತಳ ತೇವವಾಗಿದೆಯಾ? ಹಾಗಿದ್ದರೆ ಕೆಳಗೆ ಪೈಪ್ ಸೋರುತ್ತಿರಬಹುದು. ಮೊದಲು ಅದನ್ನು ಸರಿ ಮಾಡಿಸಬೇಕು. ದೂರು ಕೊಡುವಾಗ ಬರೀ ಗುಂಡಿ ಇದೆ ಎಂದು ಬರೆಯಬೇಡಿ. ಗುಂಡಿ ಇದೆ, ಹತ್ತು ಹೆಜ್ಜೆ ದೂರದಲ್ಲಿ ಚರಂಡಿಯ ಬಾಯಿ ಮುಚ್ಚಿದೆ ಎಂದು ಬರೆಯಿರಿ. ದಯವಿಟ್ಟು ಬರೆಯಿರಿ. ಗುಂಡಿ ಅಂತ ಮಾತ್ರ ಬರೆದರೆ ಬರುವುದು ಒಂದು ಬುಟ್ಟಿ ಟಾರ್.

ಇಷ್ಟರ ನಡುವೆ ಯಾರೂ ಕೇಳದ ಇನ್ನೊಂದು ವಿಷಯ ಇದೆ. ಗುಂಡಿಯ ಮೇಲೆ ಸಿಟ್ಟಿರುವವರಿಗೆ ಟ್ರಾಫಿಕ್ ಜಾಮ್ ಮೇಲೂ ಸಿಟ್ಟಿರುತ್ತದೆ, ಆದರೆ ಎರಡನ್ನೂ ಬೇರೆ ಬೇರೆ ರೋಗ ಅಂದುಕೊಂಡಿರುತ್ತಾರೆ.

2008ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿದರು. ಎಲ್ಲರಿಗೂ ಗಂಟೆಗೆ 30 ಕಿಲೋಮೀಟರ್ ವೇಗ ಹಿಡಿಯಲು ಹೇಳಿದ್ದರು. ಸಿಗ್ನಲ್ ಇಲ್ಲ, ಬೇರೆ ದಾರಿ ಬಂದು ಕೂಡುವ ಜಾಗ ಇಲ್ಲ, ಗುಂಡಿ ಇಲ್ಲ. ಆದರೂ ಸ್ವಲ್ಪ ಹೊತ್ತಿಗೇ ಒಬ್ಬರು ಚೂರು ನಿಧಾನ ಮಾಡಿದರು, ಹಿಂದಿನವರು ಇನ್ನೂ ಜಾಸ್ತಿ ಬ್ರೇಕ್ ಒತ್ತಿದರು, ಅವರ ಹಿಂದಿನವರು ನಿಂತೇಬಿಟ್ಟರು. ಆ ನಿಂತ ಗುಂಪು ಅಲೆಯ ಹಾಗೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಯಿತು. ನುಣ್ಣನೆಯ ದಾರಿಯಲ್ಲೇ ಹೀಗಾದರೆ, ಪ್ರತಿಯೊಬ್ಬರೂ ಬ್ರೇಕ್ ಒತ್ತಲೇಬೇಕಾದ ಗುಂಡಿ ನಡುವೆ ಇದ್ದರೆ ಏನಾಗಬಹುದು?

ಲೆಕ್ಕ ಹಾಕೋಣ. ಒಂದು ಸಾಲಿನಲ್ಲಿ ಗಾಡಿಗಳು ಎರಡು ಸೆಕೆಂಡಿಗೆ ಒಂದರಂತೆ ಹೋದರೆ ಗಂಟೆಗೆ 1,800. ಗುಂಡಿ ದಾಟಲು ತಡವರಿಸಿ ಮೂರು ಸೆಕೆಂಡಿಗೆ ಒಂದಾದರೆ 1,200. ಬೆಳಗಿನ ಹೊತ್ತು ಗಂಟೆಗೆ 1,500 ಗಾಡಿ ಬರುತ್ತಿವೆ ಅಂದುಕೊಳ್ಳಿ. ಒಂದು ಗಂಟೆಯಲ್ಲಿ 300 ಗಾಡಿ ಉಳಿದುಹೋಗುತ್ತವೆ. ಒಂದೊಂದಕ್ಕೆ 7 ಮೀಟರ್ ಹಿಡಿದರೆ ಎರಡು ಕಿಲೋಮೀಟರಿಗೂ ಉದ್ದದ ಸಾಲು. ಪ್ರತಿ ಗಾಡಿ ಕಳೆದುಕೊಂಡದ್ದು ಆ ಜಾಗದಲ್ಲಿ ಒಂದೇ ಒಂದು ಸೆಕೆಂಡ್.

ಈಗ ಯಾರೋ ಬಂದು ಗುಂಡಿಯನ್ನು ಸರಿಯಾಗಿ, ಚೌಕ ಕತ್ತರಿಸಿ ಮುಚ್ಚಿದರು ಅನ್ನಿ. ದಾರಿ ಮತ್ತೆ ಗಂಟೆಗೆ 1,800 ಗಾಡಿ ಬಿಡುತ್ತದೆ, ಆದರೆ ಹಿಂದಿನಿಂದ 1,500 ಬರುತ್ತಲೇ ಇವೆ. ನಿಂತ 300 ಗಾಡಿ ಕರಗಲು ಇನ್ನೂ ಒಂದು ಗಂಟೆ ಬೇಕು. ಗುಂಡಿ ಮುಚ್ಚಿದಾಗ ಆ ಸಾಲಿನ ಕೊನೆಯಲ್ಲಿದ್ದವರು ಇನ್ನೂ ಹತ್ತು ನಿಮಿಷ ಕಾದು ಮುಂದೆ ಬಂದಾಗ ಅಲ್ಲಿ ಇರುವುದು ಒಂದು ಹೊಸ ಕಪ್ಪು ಚೌಕ ಮಾತ್ರ. ಏನೂ ಇಲ್ಲದೆ ಇಷ್ಟು ಹೊತ್ತು ಯಾಕೆ ನಿಂತಿದ್ದೆವು ಎಂದು ಅವರಿಗೆ ಗೊತ್ತೇ ಆಗುವುದಿಲ್ಲ.